ಪಕ್ಕದ ಮಂಚ

ಸೂಜಿ ಚುಚ್ಚಿದ್ದು ವೆಂಕಟಸುಬ್ಬಯ್ಯನವರ ತೋಳಿಗೆ; ಕಣ್ಣು ನೆಟ್ಟಿದ್ದು ಪಕ್ಕದ ಮಂಚದ ಜೀವನ್‌ನ ತೋಳಿನ ಮೇಲೆ. ಹುಡುಗನ ಚೀಲ ತುಂಬುವವರೆಗೂ ಅವರು ರೆಪ್ಪೆ ಬಡಿಯಲಿಲ್ಲ. ಸಂತೆಯಲ್ಲಿ ಅವರಪ್ಪ ಎತ್ತಿನ ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದುದೂ ಹೀಗೆಯೇ.

ದೇಶದ ರಾಜಧಾನಿಯ ಮಯೂರ್ ವಿಹಾರ್‌ನ ಸೊಸೈಟಿ ಹಾಲ್‌ನಲ್ಲಿ ಅಲ್ಲಿನ ಕನ್ನಡದವರ ರಕ್ತದಾನ ಶಿಬಿರ. ಜೀವನ್, ಮಗಳು ಲಾವಣ್ಯಾಳಿಗೆ ನೋಡಿದ್ದ ವರ. ವಸಂತ್ ಕುಂಜ್‌ನಲ್ಲಿ ತಾಯಿಯ ಜೊತೆಗಿದ್ದ ಮೇಷ್ಟ್ರು. ಜಾತಕ ಕೂಡಿತ್ತು, ಮನಸ್ಸೂ ಕೂಡಿತ್ತು. ಆದರೆ ಸುಬ್ಬಯ್ಯನವರ ಆಫೀಸಿನವರೊಬ್ಬರ ಅಳಿಯನಿಗೆ ಮದುವೆಯಾದ ಮೇಲೆ ಹೆಪಟೈಟಿಸ್ ಬಿ ಇರುವುದು ಗೊತ್ತಾಗಿತ್ತು. ಆಳು ನೋಡಿದರೆ ಗರಡಿಮನೆಯಿಂದ ಎದ್ದು ಬಂದವನ ಹಾಗಿದ್ದ. “ನೂರು ಜನ ರಕ್ತ ಕೊಟ್ಟರೆ ಒಬ್ಬಿಬ್ಬರದು ಹೀಗೆ ಸಿಗುತ್ತೆ, ಕೊಟ್ಟವರಿಗೇ ಗೊತ್ತಿರಲ್ಲ” ಎಂದು ಡಾಕ್ಟರು ಹೇಳಿದ್ದು ಸುಬ್ಬಯ್ಯನವರ ಕಿವಿಯಲ್ಲಿ ಕೂತುಬಿಟ್ಟಿತ್ತು.

ಬೀಗರಾಗುವವರಿಗೆ, ಮಗನ ರಕ್ತ ಪರೀಕ್ಷೆ ಮಾಡಿಸಿ ಎನ್ನಲು ಬಾಯಿ ಬರುತ್ತದೆಯೇ? ಅಷ್ಟರಲ್ಲಿ ದೇವರೇ ಕಳಿಸಿದಂತೆ ಈ ಶಿಬಿರ ಬಂತು. ರಕ್ತನಿಧಿಯವರು ಪ್ರತಿ ಚೀಲವನ್ನೂ ಪರೀಕ್ಷಿಸುತ್ತಾರೆ. ಏನಾದರೂ ಸಿಕ್ಕರೆ ಹದಿನೈದು ದಿನದೊಳಗೆ ಕಾಗದ ಹಾಕಿ ಕರೆಸುತ್ತಾರೆ. ಜೀವನ್‌ಗೆ ಕಾಗದ ಬಾರದಿದ್ದರೆ ನಿಶ್ಚಿತಾರ್ಥ. ಅನುಮಾನ ಬರಬಾರದೆಂದು ತಾವೂ ಮಲಗಿದ್ದರು, ಅಷ್ಟೆ.

ಹಾಲ್‌ನ ತುಂಬ ಓಡಾಡುತ್ತಿದ್ದವರು ಜೀವನ್‌ನ ತಾಯಿ ಗಿರಿಜಮ್ಮ.

“ಬಾಮ್ಮಾ ಲಾವಣ್ಯಾ, ನೀನೂ ಕೊಡು. ನಾನೂ ನಿನ್ನ ಪಕ್ಕದಲ್ಲೇ ಮಲಗ್ತೀನಿ, ಹೆದರ್ಬೇಡ.”

“ಡರ್ ಕೈಸಾ ಆಂಟಿ? ಚಲೋ!” ಎಂದು ಲಾವಣ್ಯಾ ಕುರ್ತಾದ ತೋಳು ಮಡಿಸಿದಳು.

ಎಂಥ ಸೇವಾಬುದ್ಧಿ, ಎಂದು ಸುಬ್ಬಯ್ಯನವರು ಮಲಗಿದಲ್ಲೇ ಮೆಚ್ಚಿಕೊಂಡರು.

ಅಂದಿನಿಂದ ದಿನಾ ಸಂಜೆ ಫೋನು.

“ಏನಪ್ಪಾ ಜೀವನ್, ಪೋಸ್ಟು ಗೀಸ್ಟು ಏನಾದ್ರೂ ಬಂತಾ?”

“ಇಲ್ವಲ್ಲ ಅಂಕಲ್, ಯಾವ ಪೋಸ್ಟು?”

“ಹಾಗೇ ಕೇಳ್ದೆ.”

ಆಚೆಯಿಂದ ಗಿರಿಜಮ್ಮನ ದನಿ ಸೇರುತ್ತಿತ್ತು: “ನಿಮ್ಮ ಕಡೆ ಪೋಸ್ಟ್‌ಮನ್ ಸರಿಯಾಗಿ ಬರ್ತಾನಾ?”

“ಓಹೋ, ತಪ್ಪದೆ!”

ಹನ್ನೆರಡನೆಯ ದಿನ ಕಂದು ಲಕೋಟೆ ಬಂತು. ವೆಂಕಟಸುಬ್ಬಯ್ಯನವರ ಹೆಸರಿಗೆ. ಖುದ್ದಾಗಿ ಬಂದು ಕಾಣಬೇಕಂತೆ.

“ಹುಡುಗನ್ನ ಪರೀಕ್ಷೆಗೆ ಕೂರಿಸಿ ನೀವು ಫೇಲಾದ್ರಾ?” ಹೆಂಡತಿ ರತ್ನಾ ನಗಲು ಹೋಗಿ, ಅವರ ಮುಖ ನೋಡಿ ಕುರ್ಚಿ ಎಳೆದುಕೊಟ್ಟಳು.

“ಗಿರಿಜಮ್ಮನಿಗೆ ಗೊತ್ತಾದ್ರೆ ಸಂಬಂಧ ಮುರೀತು ಕಣೇ. ಲಾವಣ್ಯಾಗೂ ಹೇಳ್ಬೇಡ.”

ನಾಲ್ಕು ದಿನ ಲಕೋಟೆ ದೇವರ ಪಟದ ಹಿಂದಿತ್ತು. ಅವರ ತಟ್ಟೆ, ಲೋಟ ಬೇರೆಯಾದವು. ಅವರು ರತ್ನಾಳ ಉಪ್ಪಿಟ್ಟಿಗೂ ರುಚಿಯಿಲ್ಲ ಎಂದರು. ಐದನೆಯ ದಿನ ಬೆಳಿಗ್ಗೆ ಅವಳೇ ಆಟೋ ಹತ್ತಿಸಿ ಕಳಿಸಿದಳು.

ರಕ್ತನಿಧಿಯ ಮೇಡಂ ಬಾಗಿಲು ಹಾಕಿಕೊಂಡು ಕೂರಿಸಿದರು. “ಬಿ ವೈರಸ್ ಅಂಕಲ್‌ಜೀ. ಗಾಬರಿ ಬೇಡ. ಲಿವರ್ ಡಾಕ್ಟರಿಗೆ ತೋರಿಸಿ, ಆಗಾಗ ಚೆಕ್ ಮಾಡಿಸ್ಕೊಳ್ಳಿ. ಮನೆಯವರು ಟೆಸ್ಟ್ ಮಾಡಿಸಿ ಲಸಿಕೆ ಹಾಕಿಸ್ಕೊಳ್ಲಿ. ನೀವು ಮಾತ್ರ ಇನ್ನು ರಕ್ತ ಕೊಡ್ಬೇಡಿ.”

“ತಟ್ಟೆ, ಲೋಟ?”

“ಅದೇನೂ ಬೇಡ. ಊಟದಿಂದ ಹರಡಲ್ಲ.”

ಅರ್ಧ ಭಾರ ಇಳಿಯಿತು. ಉಳಿದರ್ಧಕ್ಕೆ ದನಿ ತಗ್ಗಿಸಿದರು. “ಅದೇ ಶಿಬಿರದಲ್ಲಿ ಜೀವನ್ ಅಂತ ಒಬ್ಬ ಹುಡುಗ...”

“ಬೇರೆಯವರದು ಹೇಳಲ್ಲ,” ಮೇಡಂ ಕಣ್ಣು ಬಿಟ್ಟರು. “ಟೆಸ್ಟ್ ಬೇಕಿದ್ರೆ ಲ್ಯಾಬಿಗೆ ಹೋಗಿ. ಆ ಚೀಲ ಇನ್ಯಾರದೋ ಮೈಗೆ ಹೋಗೋದು.”

ಸುಬ್ಬಯ್ಯನವರು ಕಿವಿ ಕೆಂಪಾಗಿ ಹೊರಬಂದರು. ಬಂದವರು ಅಲ್ಲೇ ನಿಂತರು. ಬಾಗಿಲೆದುರಿನ ಬೆಂಚಿನ ಮೇಲೆ ಗಿರಿಜಮ್ಮ ಒಬ್ಬರೇ ಕೂತಿದ್ದರು. ಮುಖ ಬಿಳಿಚಿತ್ತು. ಸೆರಗಿನಡಿಯಿಂದ, ಅವರದೇ ಹೆಸರು ಬರೆದಿದ್ದ ಅಂಥದೇ ಕಂದು ಲಕೋಟೆಯ ಮೂಲೆ ಇಣುಕುತ್ತಿತ್ತು.

ಸುಬ್ಬಯ್ಯನವರು ತಮ್ಮದನ್ನು ಜೇಬಿಗೆ ತುರುಕಲು ಹೋದರು, ಹಿಡಿಯಲಿಲ್ಲ. ಮೆಲ್ಲಗೆ ಪಕ್ಕದಲ್ಲಿ ಕೂತರು.

“ಹೆದರ್ಬೇಡಿ ಅಮ್ಮಾ. ಒಳಗಿರೋ ಮೇಡಂ ಒಳ್ಳೆಯೋರು. ನನಗೆ ಈಗಷ್ಟೇ ಎಲ್ಲಾ ಬಿಡಿಸಿ ಹೇಳಿದ್ರು.” ಮುಂದಿನದನ್ನೂ ಹೇಳಿಯೇಬಿಟ್ಟರು. “ತಪ್ಪು ನನ್ನದು. ನಿಮ್ಮ ಮಗನ ರಕ್ತ ನೋಡೋಣ ಅಂತಲೇ ನಾನು ಅವನನ್ನ ಶಿಬಿರಕ್ಕೆ ಎಳ್ಕೊಂಡು ಬಂದಿದ್ದು.”

ಗಿರಿಜಮ್ಮ ಅವರನ್ನೂ ಅವರ ಲಕೋಟೆಯನ್ನೂ ನೋಡಿದರು. ಆಮೇಲೆ ಸೆರಗು ಬಾಯಿಗೊತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ನಿಶ್ಚಿತಾರ್ಥಕ್ಕೆ ದಿನ ನೋಡಿಸಿ ಬೀಗರೇ, ನಿಮ್ಮ ಮಗಳ ರಕ್ತ ನೋಡೋಣ ಅಂತ ಆ ಶಿಬಿರ ಇಡಿಸಿದ್ದೇ ನಾನು!”