ಓರೆಯಾಗಿ ಕೂತ ನಟ್ಟು

ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷಿಗೆ ಒಂಬತ್ತು ವರ್ಷದ ಜಿಡ್ಡು ಪದರು ಪದರಾಗಿ ಬಿಟ್ಟುಕೊಂಡಿತು. ಅದರಡಿ ಬ್ರೇಕ್ ಪೈಪಿನ ತುದಿ ಕಾಣಿಸಿತು. ಮೇಸ್ತ್ರಿ ಬಲ್ಬನ್ನು ಹತ್ತಿರ ಎಳೆದುಕೊಂಡು ಬಾನೆಟ್ಟಿನಡಿ ಇನ್ನಷ್ಟು ಬಗ್ಗಿದ. ಪೈಪು ತನ್ನ ತೂತಿನಿಂದ ಕಿತ್ತುಬಂದು ಪಕ್ಕಕ್ಕೆ ವಾಲಿತ್ತು. ತುದಿಯ ನಟ್ಟನ್ನು ಒರೆಸಿ ನೋಡಿದ. ಮೊದಲ ಎರಡು ಸುತ್ತಿನ ಥ್ರೆಡ್ ಓರೆಯಾಗಿ ಹರಿದುಹೋಗಿತ್ತು. ಉಳಿದದ್ದು ಅಂಗಡಿಯಿಂದ ತಂದ ದಿನದಂತೆಯೇ ಹರಿತವಾಗಿತ್ತು. ಅಂದರೆ ಆ ನಟ್ಟು ಪೂರ್ತಿ ಒಳಗೆ ಹೋಗಿಯೇ ಇರಲಿಲ್ಲ.

ಅದನ್ನು ಕೂರಿಸಿದವನು ಅವನೇ. ಒಂಬತ್ತು ವರ್ಷದ ಹಿಂದೆ, ಮಗಳು ಅಳಿಯ ಈ ಕಾರಿನಲ್ಲಿ ಹೊರಡುವ ಹಿಂದಿನ ದಿನ, ಊಟಕ್ಕೆ ಏಳಿ ಎಂದು ಹೆಂಡತಿ ಎರಡು ಸಲ ಕೂಗಿದ ಮೇಲೆ, ಅವಸರದಲ್ಲಿ. ಸ್ಪ್ಯಾನರ್ ಬಿಗಿಯಾಯಿತು, ಆಯಿತು ಎಂದುಕೊಂಡಿದ್ದ. ಓರೆಯಾಗಿ ಕಚ್ಚಿಕೊಂಡಿದ್ದಕ್ಕೇ ಅದು ಬಿಗಿಯಾಗಿತ್ತು.

ಮರುದಿನ ಇಳಿಜಾರಿನ ಕೊನೆಯಲ್ಲಿ, ನಾಲ್ಕು ರಸ್ತೆ ಸೇರುವಲ್ಲಿ, ಕಾರು ನಿಲ್ಲಲಿಲ್ಲ. ಮಗಳು ಕೂತಿದ್ದ ಬದಿಗೆ ಲಾರಿ ಬಂದು ಗುದ್ದಿತು. ಆಸ್ಪತ್ರೆಯ ವರಾಂಡದಲ್ಲಿ ಅಳಿಯ “ಬ್ರೇಕ್ ಹಿಡೀಲಿಲ್ಲ ಮಾವ” ಎಂದಾಗ ಮೇಸ್ತ್ರಿ ಎಲ್ಲರೆದುರು ಅವನ ಕೆನ್ನೆಗೆ ಬಾರಿಸಿದ್ದ. ಕೋರ್ಟಿನಲ್ಲಿ ನಿಂತು, “ಆ ಬ್ರೇಕ್ ಮಾಡಿದ್ದು ನಾನು ಸ್ವಾಮಿ. ನಲವತ್ತು ವರ್ಷದ ಕಸುಬು ನಂದು” ಎಂದಿದ್ದ. ಅಂಥವನ ಮಾತಿನ ಮೇಲೆ ಬಾನೆಟ್ ಎತ್ತಿ ನೋಡುವವರು ಯಾರು? ಅಳಿಯ ಒಂದೂವರೆ ವರ್ಷ ಜೈಲಿನಲ್ಲಿ ಕಳೆದ. ಮೂರು ವರ್ಷದ ಕೂಸು ಇಲ್ಲೇ ಉಳಿಯಿತು. ಅಪ್ಪ ಯಾರು ಎಂದು ಕೇಳುವ ವಯಸ್ಸಿಗೆ ಬಂದಾಗ ‘ನಿಮ್ಮಮ್ಮನ್ನ ಕೊಂದೋನು’ ಎಂಬ ಉತ್ತರ ತಾತನ ಬಾಯಲ್ಲಿ ಸಿದ್ಧವಿತ್ತು. ಈಗ ಹನ್ನೆರಡರ ಹುಡುಗಿ. ಅಮ್ಮನ ಕಾರು ಓಡಲೇಬೇಕು ಎಂದು ಅವಳು ಹಟ ಹಿಡಿದದ್ದಕ್ಕೇ ಈ ಚಳಿಗಾಲ ಶೆಡ್ಡಿನ ಟಾರ್ಪಾಲು ಸರಿದದ್ದು. ಬಾಗಿಲು ಬದಲಾಗಿತ್ತು, ಡೆಂಟು ತೆಗೆದಾಗಿತ್ತು. ಇಂಜಿನ್ನಿನ ಭಾಗವೊಂದು ಬಾಕಿಯಿತ್ತು.

ಕಾಫಿ ತಂದ ಹೆಂಡತಿ, ಗಂಡ ನೆಲದ ಮೇಲೆ ಕೂತಿರುವುದನ್ನು ಕಂಡು ಎದೆನೋವೆಂದೇ ಹೆದರಿದಳು. ಅವನು ನಟ್ಟು ತೋರಿಸಿದ. ಹೇಳಿದ. ಅವಳು ಲೋಟ ಕೆಳಗಿಟ್ಟು, ಶೆಡ್ಡಿನ ಬಾಗಿಲು ಮುಂದೆ ಮಾಡಿದಳು.

“ಹೊಸದು ಹಾಕಿಬಿಡಿ. ಇದನ್ನ ಎಲ್ಲಾದ್ರೂ ಎಸೀರಿ.”

“ನಂಗೆ ಗೊತ್ತಾಯ್ತಲ್ಲೇ.”

“ಗೊತ್ತಾದ್ರೆ ಬಾಯ್ಮುಚ್ಕೊಂಡು ಇರಿ! ಅಳಿಯ ಬಂದು ಪುಟ್ಟೀನ ಕರ್ಕೊಂಡು ಹೋಗ್ತಾನೆ ರೀ. ಇರೋದೊಂದೂ ಹೋಗುತ್ತೆ.”

“ಒಂಬತ್ತು ವರ್ಷ ಅವನು ಹೆಂಗಿದ್ದ?”

ಕಾಫಿ ಆರಿ ಕೆನೆಗಟ್ಟಿತು. ಮೇಸ್ತ್ರಿ ಎದ್ದು ಹೋಗಿ ಫೋನ್ ಮಾಡಿದ.

ಅಳಿಯ ಮಧ್ಯಾಹ್ನ ಬಂದ. ತಲೆ ಪೂರ್ತಿ ನೆರೆತಿತ್ತು. ಗೇಟಿನ ಹೊರಗೇ ನಿಂತ. ಇಷ್ಟು ವರ್ಷವೂ ಅಲ್ಲಿಂದ ಒಳಗೆ ಅವನನ್ನು ಯಾರೂ ಬಿಟ್ಟುಕೊಂಡಿರಲಿಲ್ಲ. ಮೇಸ್ತ್ರಿ ಶೆಡ್ಡಿಗೆ ಕರೆದೊಯ್ದು, ಸುತ್ತಿಬಳಸದೆ, ಯಾವುದು ಎಲ್ಲಿ ಕೂರಬೇಕಿತ್ತು, ಎಷ್ಟು ಸುತ್ತು ಹೋಗಬೇಕಿತ್ತು, ಎಷ್ಟು ಹೋಗಿತ್ತು ಎಂದು ತೋರಿಸಿದ. ಅಳಿಯ ನಟ್ಟನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ತಿರುಗಿಸಿದ. ಬೈದಿದ್ದರೆ ಮೇಸ್ತ್ರಿಗೆ ಎಷ್ಟೋ ಹಗುರವಾಗುತ್ತಿತ್ತು.

“ಒಳಗಿದ್ದಾಗ ದಿನಾ ಇದೇ ಯೋಚನೆ ಮಾವ,” ಎಂದ ಕೊನೆಗೆ. “ಬ್ರೇಕ್ ತುಳಿದ್ನೋ, ಗಾಬರೀಲಿ ಕ್ಲಚ್ ತುಳಿದ್ನೋ ಅಂತ. ನೀವು ಅಷ್ಟು ಗಟ್ಟಿಯಾಗಿ ಹೇಳಿದ್ರಲ್ಲ... ಬರ್ತಾ ಬರ್ತಾ ಕ್ಲಚ್ಚೇ ತುಳಿದಿರ್ಬೇಕು ಅಂತ ನಾನೂ ನಂಬ್ಬಿಟ್ಟೆ. ನಾನೇ ಕೊಂದೆ ಅಂತ ನಂಬ್ಬಿಟ್ಟೆ.”

ಮೇಸ್ತ್ರಿ ಬಲ್ಬು ಆರಿಸಿದ. “ಎಲ್ಲಿಗೆ ಬರ್ಲಿ ಹೇಳು. ಸ್ಟೇಷನ್ನಿಗಾ, ಕೋರ್ಟಿಗಾ? ಈಗ್ಲೇ ಬಂದು ಬರ್ಕೊಡ್ತೀನಿ.”

“ಅಲ್ಲೆಲ್ಲ ನನ್ನ ಪಾಲಿಂದು ಮುಗೀತು. ನೀವು ನನ್ನ ಮಗಳಿಗೆ ಹೇಳಿ, ಸಾಕು.”

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಶಾಲೆಯ ಚೀಲ ಹೊತ್ತ ಮೊಮ್ಮಗಳು ಶೆಡ್ಡಿನ ಬಾಗಿಲಿಗೆ ಬಂದು, ಇಷ್ಟು ದಿನ ಗೇಟಿನ ಹೊರಗಷ್ಟೇ ಕಂಡಿದ್ದವನನ್ನು ಒಳಗೆ ನೋಡಿ ಗಕ್ಕನೆ ನಿಂತಳು. ಅವನಿಂದ ಆದಷ್ಟು ದೂರವಿರಲೆಂದು ಗೋಡೆಗೆ ಆತುಕೊಂಡೇ ಕಾರನ್ನು ಬಳಸಿ ಬಂದು, ತಾತನ ಬೆನ್ನಿಗೆ ಅಂಟಿ ನಿಂತಳು. ಜಿಡ್ಡು ಮೆತ್ತಿದ್ದ ಅವನ ಬಲಗೈಯನ್ನು ಹುಡುಕಿ ಹಿಡಿದುಕೊಂಡಳು.

“ತಾತ, ಅವರನ್ನ ಹೋಗೋಕೆ ಹೇಳು. ನಂಗೆ ಭಯ ಆಗುತ್ತೆ.”

ಅವಳ ಹಿಂದೆಯೇ ಬಂದು ಹೊಸ್ತಿಲಲ್ಲಿ ನಿಂತಿದ್ದ ಹೆಂಡತಿ ಗಂಡನ ಮುಖವನ್ನೇ ನೋಡುತ್ತಿದ್ದಳು. ಅಳಿಯ ನೆಲ ನೋಡುತ್ತಿದ್ದ. ಮೇಸ್ತ್ರಿ ಮೊಮ್ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ಹೋದ. ಆಗಲಿಲ್ಲ.

“ಬಿಡು ಪುಟ್ಟಿ,” ಎಂದ. “ಮೊದ್ಲು ನನ್ನ ಕೈ ಬಿಡು. ಆಮೇಲೆ ಹೇಳ್ತೀನಿ.”

ಅವಳು ಎರಡೂ ಕೈಯಿಂದ ಹಿಡಿದುಕೊಂಡಳು.