ಗಲ್ಲಿ ಬಾಯಿಯ ಬೂದು ಕಾರು

ಬೂದು ಕಾರು ಮತ್ತೆ ಬಂದು ನಿಂತಿತ್ತು. ಅದೇ ಜಾಗ, ಗಲ್ಲಿಯ ಬಾಯಲ್ಲಿ. ಮೂತಿ ಮುಖ್ಯರಸ್ತೆಯ ಕಡೆಗೆ. ಯಂಕಮ್ಮ ಪರದೆ ಸರಿಸಿ ನೋಡಿ, ಮತ್ತೆ ಮುಚ್ಚಿದಳು.

ಒಳಗೆ ಮಗಳು ರೇವತಿ ಗೋಡೆಗೆ ಒರಗಿ ಕೂತಿದ್ದಳು. ಬಸುರಿ, ಒಂಬತ್ತು ತಿಂಗಳು ತುಂಬಿತ್ತು. ಅವಳಿಗೆ ಕಾರಿನ ವಿಷಯ ಹೇಳುವಂತಿರಲಿಲ್ಲ.

ದೊಡ್ಡನೆಕ್ಕುಂದಿಯಲ್ಲಿ ಹೊಸ ಕ್ರೀಡಾಂಗಣ ಕಟ್ಟಿದ ಪುಣ್ಯಾತ್ಮರು ಕುರ್ಚಿಗಳನ್ನು ಎಣಿಸಿದ್ದರು, ಕಾರುಗಳನ್ನು ಮರೆತಿದ್ದರು. ಗಲ್ಲಿಯ ಒಂದು ತುದಿಗೆ ಅದರ ಕಾಂಪೌಂಡು ಬಂದು ಕೂತಿತು. ಹೋಗಿಬರಲು ಉಳಿದದ್ದು ಈ ಒಂದೇ ಬಾಯಿ. ಮ್ಯಾಚ್ ಇದ್ದ ದಿನ ಊರಿನ ಕಾರುಗಳೆಲ್ಲ ಸುತ್ತಲಿನ ರಸ್ತೆಗಳಿಗೆ ನುಗ್ಗುತ್ತಿದ್ದವು. ಆಟೊದವರು ಈ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಫೋನೂ ನೆಟ್ಟಗೆ ಸಿಗುತ್ತಿರಲಿಲ್ಲ. ಅಳಿಯ ರಾಮುವಿಗೆ ಅಲ್ಲೇ ಪಾರ್ಕಿಂಗ್ ನೋಡಿಕೊಳ್ಳುವ ಕೆಲಸ. ಆಟ ಮುಗಿಯುವವರೆಗೆ ಅವನು ಮನೆಗೆ ಬರುವಂತಿರಲಿಲ್ಲ.

ಬೇರೆಯವರು ಕಾರು ನಿಲ್ಲಿಸಿ, ಬಾವುಟ ಹಿಡಿದು ಓಡುತ್ತಿದ್ದರು. ಈ ಬೂದು ಕಾರಿನ ಮನುಷ್ಯ ಮಾತ್ರ ಆಟಕ್ಕೆ ಹೋಗುತ್ತಿರಲಿಲ್ಲ. ಸೀಟಿನಲ್ಲೇ ಕೂತು ಇವರ ಬಾಗಿಲನ್ನೇ ನೋಡುತ್ತಿದ್ದ. ಜನ ಚದುರಿದ ಮೇಲೆ ಸದ್ದಿಲ್ಲದೆ ಹೊರಡುತ್ತಿದ್ದ. ಮ್ಯಾಚ್ ಇಲ್ಲದ ದಿನ ಅವನ ಸುಳಿವೇ ಇಲ್ಲ.

ಯಾಕೆಂದು ಯಂಕಮ್ಮನಿಗೆ ಗೊತ್ತಿತ್ತು. ಆ ಗದ್ದಲದಲ್ಲಿ ಹೆಣ್ಣೊಂದು ಕಿರುಚಿದರೆ ಯಾರಿಗೆ ಕೇಳೀತು? ಪೊಲೀಸರೆಲ್ಲ ಕ್ರೀಡಾಂಗಣದ ಗೇಟಿನ ಬಳಿ ಇರುತ್ತಾರೆ.

ರೇವತಿ ಜಾತಿ ಬಿಟ್ಟು ಮದುವೆಯಾದವಳು. ಅವಳು ಬಸುರಿಯೆಂಬ ಸುದ್ದಿ ಯಾದಗಿರಿಗೆ ಮುಟ್ಟಿದ ದಿನ ಯಂಕಮ್ಮನ ಮೈದುನ ಜಟ್ಟೆಪ್ಪ ನಾಲ್ಕು ಜನರ ಮುಂದೆ ಮೀಸೆ ತಿರುವಿ, ಆ ಕೂಸು ಭೂಮಿಗೆ ಬರುವುದಿಲ್ಲ ಎಂದಿದ್ದ. ಯಂಕಮ್ಮ ಊರು ಬಿಟ್ಟು ಮಗಳ ಬಾಡಿಗೆ ಕೋಣೆಗೆ ಬಂದು ಕಾವಲು ಕೂತಳು.

ಕೂಸಿನ ವಿಷಯದಲ್ಲಿ ಅವಳದು ಒಂದೇ ಹಟ. ಹುಟ್ಟುವ ಮುಂಚೆ ಏನನ್ನೂ ಸಿದ್ಧಮಾಡಿಡಬಾರದು, ದೃಷ್ಟಿಯಾಗುತ್ತದೆ. ರಾಮು ಆಸೆಪಟ್ಟು ತಂದ ತೊಟ್ಟಿಲನ್ನು ಅಂಗಡಿಗೇ ವಾಪಸ್ ಕಳಿಸಿದ್ದಳು. ಕೂಸು ಅಡ್ಡ ತಿರುಗಿದೆ, ನೋವು ಕಂಡ ಕೂಡಲೇ ಕರೆತನ್ನಿ ಎಂದು ಡಾಕ್ಟರಮ್ಮ ಹೇಳಿದ್ದನ್ನು ಅವನು ನೆನಪಿಸಿದಾಗ, ಅಪಶಕುನ ನುಡಿಯಬೇಡ ಎಂದು ಬೈದಿದ್ದಳು. ಪಾಪ, ಆಮೇಲೆ ಅವನು ಅತ್ತೆಯೆದುರು ಆ ಮಾತನ್ನೇ ಎತ್ತಲಿಲ್ಲ. ಅವಳೂ ಅವನಿಗೆ ಕಾರಿನ ಸುದ್ದಿ ಹೇಳಲಿಲ್ಲ. ಹೇಳಿದರೆ ಆ ಮುಂಗೋಪಿ ದೊಣ್ಣೆ ಹಿಡಿದು ಹೊರಡುವವನೇ. ಒಂದು ಜೀವ ಉಳಿಸಲು ಹೋಗಿ ಇನ್ನೊಂದು ಹೆಣ ಬೀಳುವುದು ಅವಳಿಗೆ ಬೇಡವಾಗಿತ್ತು.

ಹಿಂದಿನ ಮ್ಯಾಚಿನ ದಿನ, ನೀರು ತುಂಬಲು ಹೊರಬಂದಾಗ, ಆ ಮನುಷ್ಯ ಕಾರಿನಿಂದಲೇ ಕೇಳಿದ್ದ.

“ಅವ್ವಾ, ಒಳಗ ತಂಗಿ ಆರಾಮ ಅದಾಳೇನ್ರಿ?”

ಊರಿನದೇ ಮಾತು. ಯಂಕಮ್ಮ ಕೊಡವನ್ನು ಅಲ್ಲೇ ಬಿಟ್ಟು ಒಳಗೆ ಓಡಿ ಚಿಲಕ ಹಾಕಿದ್ದಳು.

ಇವತ್ತು ಇನ್ನು ತಡೆಯಲಾಗಲಿಲ್ಲ. ಪಕ್ಕದ ಮನೆಯ ಕೆಂಪರಾಜ್‌ಗೆ ಹೊಸ ತಿಪ್ಪಸಂದ್ರದಲ್ಲಿ ಪಂಕ್ಚರ್ ಅಂಗಡಿ, ಗಟ್ಟಿ ಆಳು. ಎಲ್ಲವನ್ನೂ ಅವನಿಗೆ ಹೇಳಿದಳು. ಅವನು ಬೀಡಿ ಹಚ್ಚಿಕೊಂಡು, ಸುಮ್ಮನೆ ಅಡ್ಡಾಡುವವನಂತೆ ಕಾರನ್ನು ಒಂದು ಸುತ್ತು ಹಾಕಿ ಬಂದ.

“ಯಾದಗಿರಿ ನಂಬರ್ರು ಅಮ್ಮಾ. ಹಿಂದಿನ ಸೀಟಲ್ಲಿ ಬೆಡ್‌ಶೀಟು, ದಿಂಬು ಇಟ್ಕೊಂಡಿದಾನೆ. ಕೆಳಗಡೆ ಪ್ಲಾಸ್ಟಿಕ್ ಹಾಳೆ ಬೇರೆ ಹಾಸಿದಾನೆ.”

ಪ್ಲಾಸ್ಟಿಕ್ ಯಾಕೆಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಪೊಲೀಸರಿಗೆ ಫೋನ್ ಹತ್ತಲಿಲ್ಲ. ಕೆಂಪರಾಜ್ ಇನ್ನೊಂದು ದಾರಿ ಹೇಳಿದ. ಆಟ ಮುಗಿದು ಪೊಲೀಸರು ಈ ಕಡೆ ಬರುವವರೆಗೆ ಆ ಕಾರಿನವನು ರೇವತಿಯನ್ನು ಎತ್ತಿಹಾಕಿಕೊಂಡು ಓಡದ ಹಾಗೆ ಮಾಡಿದರೆ ಸಾಕು.

ಆ ಮನುಷ್ಯ ಚಹಾಕ್ಕೆಂದು ಮೂಲೆಯ ಅಂಗಡಿಗೆ ಹೋಗಿದ್ದೇ ತಡ, ಕೆಂಪರಾಜ್ ಕೂತು ಕೂತು ಸರಿಯುತ್ತ ನಾಲ್ಕೂ ಚಕ್ರಗಳ ಗಾಳಿ ಹಿಡಿದಿಡುವ ವಾಲ್ವ್ ಪಿನ್ ಕಿತ್ತ. ಕಾರು ಉಸ್ಸೆಂದು ನೆಲಕ್ಕೆ ಕುಸಿಯಿತು. ಪಿನ್ನುಗಳನ್ನು ಯಂಕಮ್ಮನೇ ಇಸಿದುಕೊಂಡು ಮೋರಿಯ ಕಪ್ಪು ನೀರಿಗೆ ಎಸೆದಳು.

“ಇನ್ನು ಇದು ಅಲ್ಲಾಡಲ್ಲ ಬಿಡಿ,” ಎಂದ ಕೆಂಪರಾಜ್. “ಇದನ್ನ ದಾಟಿ ಇನ್ನೊಂದು ಗಾಡೀನೂ ಒಳಗೆ ಬರಲ್ಲ.”

ಎಷ್ಟೋ ದಿನಗಳ ಮೇಲೆ ಯಂಕಮ್ಮನಿಗೆ ಜೀವ ಹಗುರಾಯಿತು. ಅಳಬೇಕೆನಿಸುವಷ್ಟು ಹಗುರ. ಬಾಗಿಲು ತೆರೆದು ಒಳಗೆ ಬಂದಳು.

ರೇವತಿ ಕಿಟಕಿಯ ಸರಳು ಹಿಡಿದು ಬಾಗಿ ನಿಂತಿದ್ದಳು. ನೆಲ ಒದ್ದೆಯಾಗಿತ್ತು. ತುಟಿ ಬೆಳ್ಳಗಾಗಿತ್ತು. ನೋವು ಎಂದಳು.

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ರಾಮು. ಕ್ರೀಡಾಂಗಣದ ಕೂಗಿನ ನಡುವೆ ಅವನ ದನಿ ಹೋಗಿಬರುತ್ತಿತ್ತು. ಯಂಕಮ್ಮ ತೊದಲುತ್ತ ನೋವು ಶುರುವಾದ ವಿಷಯ ಹೇಳಿದಳು. ಅವನು ಗಾಬರಿಯಾಗಲಿಲ್ಲ.

“ಅಂಜಬ್ಯಾಡ್ರಿ ಅತ್ತಿ. ಬೈತೀರಂತ ನಿಮಗ ಹೇಳಿದ್ದಿಲ್ಲ. ಮ್ಯಾಚ್ ದಿನ ಯಾವ ಗಾಡೀನೂ ಸಿಗಂಗಿಲ್ಲಂತ, ನಮ್ಮೂರ ಲಕ್ಷ್ಮಿಕಾಂತಗ ಮೊದಲೇ ಬಂದು ಗಲ್ಲಿ ಬಾಯಾಗ ಕಾರ್ ಹಚ್ಚಿ ಕೂಡು ಅಂದೀನಿ. ಬೂದು ಕಾರು. ಹಿಂದ ಹಾಸಿಗಿ ಹಾಸ್ಯಾನ. ಆಕಿನ್ನ ಕರಕೊಂಡು ಹೋಗಿ ಕೂಡ್ರಿ, ಈಗಿಂದೀಗ ಹೊಂಡ್ತಾನ.”