ಚೌಕಗಳ ಸಾಲು

ಅಕ್ಕನಿಗೆ ಗಂಡನ ಇಮೇಲ್ ಬಂದಿತ್ತು. ತೆರೆದರೆ ಒಂದು ಸಾಲು ಖಾಲಿ ಚೌಕಗಳು, ಅಷ್ಟೇ.

"ಜಪಾನಿ ಅಕ್ಷರ ಇರಬೇಕು. ನಮ್ಮ ಕಂಪ್ಯೂಟರಿಗೆ ಜಪಾನಿ ಬರಲ್ಲ, ಅದಕ್ಕೇ ಡಬ್ಬಿ ಡಬ್ಬಿ ಕಾಣ್ತಿದೆ," ಎಂದ ರಘು.

"ನಂಗೂ ಬರಲ್ಲ. ಅದು ನಿಮ್ಮ ಭಾವನಿಗೂ ಗೊತ್ತು," ಎಂದಳು ಅವನ ಅಕ್ಕ. "ಮತ್ತೆ ಇದು ಯಾರಿಗೆ ಬರೆದಿದ್ದು?"

ಭಾವ ಸುಜಯೀಂದ್ರ ತಮಿಳು ಸೀಮೆಯ ಕ್ರೋಂಪೇಟೆಯ ಚರ್ಮದ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್. ಕಂಪನಿ ಅವನನ್ನು ಎರಡು ವರ್ಷಕ್ಕೆ ಜಪಾನಿಗೆ ಕಳಿಸಿತ್ತು. ಮನೆ ಸಿಕ್ಕ ಕೂಡಲೇ ಕರೆಸಿಕೊಳ್ಳುತ್ತೇನೆ ಎಂದು ಹೇಳಿ ಹೋಗಿದ್ದ. ಅಕ್ಕನ ಪಾಸ್‌ಪೋರ್ಟ್ ತಯಾರಾಗಿ ಕೂತಿತ್ತು. ಇಲ್ಲಿಯವರೆಗೆ ಅವನು ರೂಮಿನ ಗೆಳೆಯನ ಕಂಪ್ಯೂಟರಿನಿಂದ ಬರೆಯುತ್ತಿದ್ದ. ಕನ್ನಡವೇ, ಆದರೆ ಇಂಗ್ಲಿಷ್ ಅಕ್ಷರದಲ್ಲಿ: ಚಳಿ, ಹುಳಿಯಿಲ್ಲದ ಊಟ, ಬೇಜಾರು. ಹೋದ ವಾರ ಆ ಗೆಳೆಯ ಊರಿಗೆ ಹೊರಟ. ಇನ್ನು ಆಫೀಸಿನ ಕಂಪ್ಯೂಟರೇ ಗತಿ ಎಂದು ಬರೆದ. ಆಮೇಲೆ ಬಂದದ್ದು ಇದು.

"ಗೆಳೆಯ ರೂಮು ಬಿಟ್ಟ. ಯಾವಳೋ ಬಂದಳು," ಎಂದಳು ಅಕ್ಕ.

ಭಾನುವಾರ ರಘು ಜಪಾನಿ ಅಕ್ಷರಗಳನ್ನು ಇಂಟರ್ನೆಟ್ಟಿನಿಂದ ಇಳಿಸಲು ಕೂತ. ಓದುವುದಕ್ಕೊಂದು, ಟೈಪ್ ಮಾಡುವುದಕ್ಕೊಂದು; ಎರಡೂ ಇರಲಿ ಎಂದು ಎರಡನ್ನೂ ಹಾಕಿದ. ಮನೆಯ ಒಂದೇ ಫೋನ್ ಲೈನು ದಿನವಿಡೀ ಅದಕ್ಕೇ ಹೋಯಿತು. ವೆಸ್ಟ್ ಮಾಂಬಲಂನ ಅವರ ಫ್ಲಾಟಿಗೆ ಅಂದು ಯಾರು ಫೋನ್ ಮಾಡಿದ್ದರೂ ಸಿಗುತ್ತಿರಲಿಲ್ಲ. ಸಂಜೆ ಚೌಕಗಳೆಲ್ಲ ಅಕ್ಷರಗಳಾದವು. ದುಂಡುದುಂಡಾಗಿ ಚೆನ್ನಾಗಿದ್ದವು. ಓದಲು ಮಾತ್ರ ಇಬ್ಬರಿಗೂ ಆಗಲಿಲ್ಲ.

ಮರುದಿನ ಅವನು ಪ್ರಿಂಟು ತೆಗೆದು, ಜಪಾನಿ ಪಾಠ ಹೇಳುವ ಶ್ರೀಪ್ರಿಯಾಗೆ ತೋರಿಸಿದ. ತಮಿಳಿನವರು. ವಾಕ್ಯ ಕೂಡುತ್ತಿಲ್ಲ, ಬಿಡಿಬಿಡಿ ಮಾತಿದೆ ಎಂದರು. ಅರ್ಥವಾದಷ್ಟು ಹೇಳಿ ಎಂದು ರಘು ಬೇಡಿಕೊಂಡ.

"ಮೊದಲ್ಲೆ ಯಾರೋ ಒಬ್ಬರ ಪೇರು, ಸುಂಗಾ. ಅಪ್ಪುರಂ, ಜಾಗ. ಅಪ್ಪುರಂ, ಪಣಂ."

ಹೆಸರು, ಆಮೇಲೆ ಜಾಗ, ಆಮೇಲೆ ಹಣ. ರಘು ಮನೆಗೆ ಬಂದು ಸುಳ್ಳು ಹೇಳಲು ನೋಡಿದ. ಅವನ ಮುಖಕ್ಕೆ ಅದು ಬರಲಿಲ್ಲ; ಸುಂಗಾ, ಜಾಗ, ಹಣ, ಮೂರನ್ನೂ ಹೇಳಿಬಿಟ್ಟ.

"ಅವಳಿಗೆ ಮನೆ ಸಿಕ್ಕಿದೆ ಅನ್ನು," ಎಂದಳು ಅಕ್ಕ. ಒಳಗೆ ಹೋಗಿ ಪಾಸ್‌ಪೋರ್ಟ್ ತಂದು, ಒಂದೊಂದೇ ಹಾಳೆ ಹರಿದು ಕಸದ ಬುಟ್ಟಿಗೆ ಹಾಕಿದಳು. ರಘು ಕೈ ಹಿಡಿಯಲು ಹೋದ, ಹಿಡಿಯಲಾಗಲಿಲ್ಲ.

ಅಷ್ಟರಲ್ಲಿ ಫೋನ್ ಬಂತು. ಅಕ್ಕನೇ ಎತ್ತಿದಳು.

"ಆ ಮನೆ ಸುಂಗಾಗೇ ಇರಲಿ," ಎಂದಳು.

"ಯಾವ ಸುಂಗಾ?" ಎಂದು ಭಾವ ಕೇಳಿದ್ದು ಪಕ್ಕದಲ್ಲಿದ್ದ ರಘುವಿಗೂ ಕೇಳಿಸಿತು. ಅಕ್ಕ ಫೋನ್ ಇಟ್ಟಳು. ಅದು ಮತ್ತೆ ಮತ್ತೆ ಬಡಿದುಕೊಂಡಿತು. ಅವಳು ಎತ್ತಲಿಲ್ಲ, ಅವನಿಗೂ ಎತ್ತಲು ಬಿಡಲಿಲ್ಲ. ಕೆಲವು ದಿನ ಕಳೆದ ಮೇಲೆ ಫೋನ್ ಬರುವುದು ನಿಂತಿತು. ಅಕ್ಕ ತವರಿಗೆಂದು ಮೈಸೂರಿನ ರೈಲು ಹತ್ತಿದಳು.

ಅವಳನ್ನು ಬಿಟ್ಟುಬಂದ ರಘು ಭಾವನಿಗೆ ನಾಲ್ಕು ಮಾತು ಬರೆಯಲು ಕೂತ. ಎಂದಿನಂತೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಮೊದಲು ಅಕ್ಕನ ಹೆಸರನ್ನೇ ಒತ್ತಿದ. ಪರದೆಯ ಮೇಲೆ ಇಂಗ್ಲಿಷ್ ಮೂಡಲಿಲ್ಲ. ಹೊಸದಾಗಿ ಹಾಕಿದ್ದ ಜಪಾನಿ, ಒತ್ತಿದ್ದನ್ನೆಲ್ಲ ತನ್ನ ಅಕ್ಷರ ಮಾಡಿಕೊಂಡಿತು. ಮೂಡಿದ್ದು ಮೂರು ದುಂಡಕ್ಷರ. ಶ್ರೀಪ್ರಿಯಾ ಸುಂಗಾ ಎಂದು ಓದಿದ ಅದೇ ಮೂರು.

ಅವನು ಅವರಿಗೆ ಫೋನ್ ಮಾಡಿದ. "ಅರ್ಥ ಬೇಡ ಮೇಡಂ. ಉಳಿದದ್ದನ್ನ ಇದ್ದ ಹಾಗೆ ಓದಿಬಿಡಿ."

ಅವರು ಓದಿದರು: "ಜಾಗ ಅಂದದ್ದು 'ಬಾ'. ಪಣಂ ಅಂದದ್ದು 'ಕನೆ'."

ತುಂಗಾ, ಬಾ ಕಣೆ.